ಪೋಸ್ಟ್‌ಮಾರ್ಟಮ್ ಆದ ಮೇಲೂ ಸಾವಿನ ಕಾರಣ ಯಾಕೆ ಖಚಿತವಾಗಿ ಸಿಗುವುದಿಲ್ಲ?

ಹೊಸ_ವಕೀಲ:
ಕೆಲಸಕ್ಕಾಗಿ ಪೋಸ್ಟ್‌ಮಾರ್ಟಮ್ ರಿಪೋರ್ಟ್‌ಗಳನ್ನು ಓದುತ್ತಿದ್ದೇನೆ. ಒಂದು ವಿಷಯ ತಲೆಗೆ ಹೋಗುತ್ತಿಲ್ಲ. ಒಂದು ರಿಪೋರ್ಟ್‌ನಲ್ಲಿ ಹೃದಯದ ರಕ್ತನಾಳ 80% ಕಟ್ಟಿಕೊಂಡಿತ್ತು ಎಂದು ಬರೆದಿದ್ದಾರೆ. ಆದರೂ ಕಾರಣದ ಜಾಗದಲ್ಲಿ ‘ಅಭಿಪ್ರಾಯ ಕಾಯ್ದಿರಿಸಲಾಗಿದೆ’ ಎಂದಿದೆ. ಇನ್ನೊಂದರಲ್ಲಿ ಅಂಗಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಆದರೆ ‘ವಿದ್ಯುತ್ ಆಘಾತದಿಂದ ಸಾವು’ ಎಂದು ನೇರವಾಗಿ ಬರೆದಿದ್ದಾರೆ. ಕಂಡದ್ದನ್ನು ಬಿಟ್ಟು, ಕಾಣದ್ದನ್ನು ಬರೆದ ಹಾಗಿದೆ. ಈ ಕೆಲಸ ಮಾಡುವವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ.

ಸುಮ್ನೆ_ಓದುವವ:
ಹೃದಯ ನಿಂತಿತು ಅಂದರೆ ಅದೇ ಕಾರಣ ಅಲ್ವಾ? ತುಂಬ ಸರ್ಟಿಫಿಕೇಟ್‌ಗಳಲ್ಲಿ ‘ಹೃದಯಸ್ತಂಭನ’ ಎಂದೇ ನೋಡಿದ್ದೇನೆ.

ನ್ಯಾಯವೈದ್ಯೆ:
ಈ ಕೆಲಸವನ್ನೇ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಹೃದಯಸ್ತಂಭನದ ಮಾತು. ಸತ್ತ ಪ್ರತಿಯೊಬ್ಬರ ಹೃದಯವೂ ನಿಂತಿರುತ್ತದೆ. ಅದನ್ನು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ನಾವು ಮೂರು ಬೇರೆ ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇವೆ. ಇಡೀ ಸರಣಿಯನ್ನು ಶುರು ಮಾಡಿದ ಕಾಯಿಲೆ ಅಥವಾ ಗಾಯ ಯಾವುದು? ಅದು ಕಾರಣ. ಆ ಕಾಯಿಲೆ ದೇಹವನ್ನು ಹೇಗೆ ನಿಲ್ಲಿಸಿತು? ರಕ್ತ ಹರಿದು ಹೋಯಿತೇ, ಹೃದಯದ ಬಡಿತ ಕೆಟ್ಟಿತೇ, ಉಸಿರಾಟ ನಿಂತಿತೇ? ಅದು ವಿಧಾನ. ಕೊನೆಯದು, ಇದು ಸಹಜ ಸಾವೋ, ಅಪಘಾತವೋ, ಆತ್ಮಹತ್ಯೆಯೋ, ಕೊಲೆಯೋ, ಅಥವಾ ನಿರ್ಧರಿಸಲು ಆಗದ್ದೋ? ಅದು ಸಾವಿನ ರೀತಿ.

ಒಬ್ಬರು ಬಿದ್ದು ತೊಡೆಯ ಮೂಳೆ ಮುರಿದುಕೊಂಡರು ಎಂದುಕೊಳ್ಳಿ. ಹಾಸಿಗೆ ಹಿಡಿದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಒಂದು ದಿನ ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿತು. ಪ್ರಾಣ ತೆಗೆದದ್ದು ಹೆಪ್ಪು. ಆದರೆ ಮೂಲ ಕಾರಣ ಮೂಳೆ ಮುರಿತ, ರೀತಿ ಅಪಘಾತ. ವಿಶ್ವ ಆರೋಗ್ಯ ಸಂಸ್ಥೆಯ ಮರಣ ಪ್ರಮಾಣಪತ್ರದ ನಮೂನೆಯೂ ಇದೇ ರೀತಿಯಲ್ಲಿದೆ. ಮೇಲಿನ ಸಾಲಿನಲ್ಲಿ ಕೊನೆಗೆ ಆದದ್ದು, ಅದರ ಕೆಳಗೆ ‘ಇದು ಯಾವುದರಿಂದ’ ಎನ್ನುತ್ತಾ ಹಿಂದೆ ಹಿಂದೆ ಹೋಗಬೇಕು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಬರುವುದೇ ಮೂಲ ಕಾರಣ.

ನಡುವೆ ಎಷ್ಟು ಕಾಲ ಕಳೆದಿದೆ ಎನ್ನುವುದು ಈ ಸರಣಿಯನ್ನು ಕಡಿಯುವುದಿಲ್ಲ. ಅಮೆರಿಕದ ಅಧ್ಯಕ್ಷ ರೇಗನ್ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಅವರ ತಲೆಗೆ ಗುಂಡು ಬಿದ್ದದ್ದು 1981ರಲ್ಲಿ. ತೀರಿಕೊಂಡದ್ದು 2014ರಲ್ಲಿ. 33 ವರ್ಷದ ಬಳಿಕವೂ ವೈದ್ಯಾಧಿಕಾರಿ ಸಾವಿನ ರೀತಿಯನ್ನು ‘ಕೊಲೆ’ ಎಂದೇ ದಾಖಲಿಸಿದರು.

ಹೊಸ_ವಕೀಲ:
ಸರಣಿ ಅರ್ಥವಾಯಿತು ಮೇಡಂ. ಆದರೆ 80% ಕಟ್ಟಿಕೊಂಡ ರಕ್ತನಾಳ ಕಣ್ಣೆದುರಿಗೇ ಇದೆಯಲ್ಲ? ಅದು ಸಾಲದೇ?

ನ್ಯಾಯವೈದ್ಯೆ:
ಅಲ್ಲೇ ಇರುವುದು ಈ ಕೆಲಸದ ಕಷ್ಟವೆಲ್ಲ. ಕಾಯಿಲೆ ಸಿಕ್ಕಿತು ಎಂದರೆ ಕಾರಣ ಸಿಕ್ಕಿತು ಎಂದಲ್ಲ. ಜನ ಕಾಯಿಲೆಯ ಜೊತೆಗೆ ಸಾಯುತ್ತಾರೆ, ಕಾಯಿಲೆಯಿಂದಲೂ ಸಾಯುತ್ತಾರೆ.

ಕಂಡದ್ದನ್ನು ನಾನು ಮನಸ್ಸಿನಲ್ಲೇ ಮೂರು ಗುಂಪು ಮಾಡಿಕೊಳ್ಳುತ್ತೇನೆ. ಕೆಲವನ್ನು ಇಟ್ಟುಕೊಂಡು ಬದುಕಿರಲು ಸಾಧ್ಯವೇ ಇಲ್ಲ. ಮಹಾಅಪಧಮನಿ ಒಡೆದು ಎದೆಗೂಡು ರಕ್ತದಿಂದ ತುಂಬಿದೆ. ಅಥವಾ ಹೃದಯದ ಗೋಡೆ ಒಡೆದು, ಸುತ್ತಲಿನ ಚೀಲದಲ್ಲಿ 200-300 ಮಿ.ಲೀ. ರಕ್ತ ಒಮ್ಮೆಲೇ ತುಂಬಿ ಹೃದಯವನ್ನು ಅದುಮಿಬಿಟ್ಟಿದೆ. ಇಂಥ ಕಡೆ ವಾದಕ್ಕೆ ಜಾಗ ಕಡಿಮೆ.

ಎರಡನೆಯ ಗುಂಪು, ಸಾಯಿಸಬಲ್ಲದು ಆದರೆ ಸಾಯಿಸಲೇಬೇಕೆಂದಿಲ್ಲ. ನಿಮ್ಮ 80% ಬರುವುದು ಇಲ್ಲಿಗೆ. ಹೃದಯದ ರಕ್ತನಾಳ 75%ಗಿಂತ ಜಾಸ್ತಿ ಕಿರಿದಾಗಿದ್ದರೆ ಅದು ಹಠಾತ್ ಸಾವಿಗೆ ಸಾಕಾಗುವ ಕಾಯಿಲೆ ಎಂದು ಒಪ್ಪುತ್ತೇವೆ. ಆದರೆ ಅಷ್ಟು ಕಿರಿದಾದ ನಾಳ ಇಟ್ಟುಕೊಂಡು ನಿನ್ನೆಯವರೆಗೂ ಅವರು ಓಡಾಡಿಕೊಂಡಿದ್ದರು, ಅಲ್ವಾ? ಹಾಗಾಗಿ ಇದನ್ನು ಕಾರಣ ಎನ್ನಬೇಕಾದರೆ ಬೇರೆ ಯಾವುದೂ ಇಲ್ಲ ಎಂದು ಮೊದಲು ತೋರಿಸಬೇಕು. ವಿಷ ಇಲ್ಲ, ತಲೆಯೊಳಗೆ ರಕ್ತಸ್ರಾವ ಇಲ್ಲ, ಕುತ್ತಿಗೆಗೆ ಪೆಟ್ಟಿಲ್ಲ, ಸುತ್ತಲಿನ ಸ್ಥಿತಿಯಲ್ಲಿ ಅನುಮಾನ ಇಲ್ಲ. ಲ್ಯಾಬ್ ವರದಿ ಬರುವವರೆಗೆ ಅಭಿಪ್ರಾಯ ಕಾಯ್ದಿರಿಸಿದ ಆ ವೈದ್ಯರು ಸರಿಯಾದದ್ದನ್ನೇ ಮಾಡಿದ್ದಾರೆ.

ಮೂರನೆಯ ಗುಂಪು, ಏನೂ ಕಾಣದಿರುವುದು. ನಿಮ್ಮ ಎರಡನೆಯ ರಿಪೋರ್ಟ್ ಇದು. ಮನೆಯ ವೋಲ್ಟೇಜಿನ ವಿದ್ಯುತ್ ಹೃದಯದ ಬಡಿತವನ್ನು ಕೆಡಿಸಿ ಕೊಲ್ಲುತ್ತದೆ. ಕೆಟ್ಟ ಬಡಿತ ಸತ್ತ ಹೃದಯದಲ್ಲಿ ಗುರುತು ಬಿಡುವುದಿಲ್ಲ. ಒಣ ಚರ್ಮದ ಮೇಲೆ ಸಣ್ಣ ಸುಟ್ಟ ಗುರುತು ಸಿಗಬಹುದು. ಚರ್ಮ ಒದ್ದೆಯಾಗಿದ್ದರೆ ಅದೂ ಇರದೆ ಹೋಗಬಹುದು. ಅಲ್ಲಿ ಉತ್ತರ ಸಿಗುವುದು ಶಾಕ್ ಕೊಟ್ಟ ಉಪಕರಣವನ್ನು ಪರೀಕ್ಷಿಸಿದವರಿಂದ. ದೇಹದ ಪಾಲು, ಬೇರೆ ಕಾರಣ ಇಲ್ಲ ಎಂದು ಹೇಳುವುದು.

ಇನ್ನೊಂದು ಮಾತು. ರಿಪೋರ್ಟ್‌ಗಳಲ್ಲಿ ‘ಎಲ್ಲ ಅಂಗಗಳೂ ಕಂಜೆಸ್ಟೆಡ್’ ಎಂದು ಕಂಡರೆ ಅದರ ಮೇಲೆ ಏನನ್ನೂ ಕಟ್ಟಬೇಡಿ. ಅಂಗಗಳಲ್ಲಿ ರಕ್ತ ತುಂಬಿಕೊಂಡಿದೆ ಎಂದಷ್ಟೇ ಅದರ ಅರ್ಥ. ಎಷ್ಟೋ ಬಗೆಯ ಸಾವುಗಳಲ್ಲಿ ಅದು ಇರುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿ ಊದಿಕೊಳ್ಳುವುದೂ ಹಾಗೆಯೇ.

ಸ್ಲೈಡ್_ನೋಡುವವಳು:
ನಾನು ಸೂಕ್ಷ್ಮದರ್ಶಕದ ಕಡೆಯವಳು. ಹೃದಯಾಘಾತದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಆಘಾತವಾಗಿ ಅರ್ಧ ಗಂಟೆಯಲ್ಲಿ ಸತ್ತವರ ಹೃದಯದಲ್ಲಿ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಸ್ನಾಯು ಮಸುಕಾಗಿ ಬಣ್ಣ ಬದಲಾಗುವುದು ಕಣ್ಣಿಗೆ ಬೀಳಲು ಸಾಮಾನ್ಯವಾಗಿ 12 ಗಂಟೆಯಾದರೂ ಬೇಕು. ಸ್ಲೈಡ್‌ನಲ್ಲಿ ನನಗೆ ಗುರುತು ಸಿಗಲು 4ರಿಂದ 12 ಗಂಟೆ ಬೇಕು. ಅಂದರೆ ತಕ್ಷಣ ಸತ್ತವರಲ್ಲೇ ಆಘಾತ ಕಾಣುವುದು ಕಷ್ಟ. ಸ್ವಲ್ಪ ಹೊತ್ತು ಬದುಕಿದ್ದವರ ಸ್ನಾಯುವಿನಲ್ಲಿ ಮಾತ್ರ ಅದು ಬರೆದಿರುತ್ತದೆ. ‘ಹೃದಯಾಘಾತದ ಲಕ್ಷಣ ಕಂಡುಬಂದಿಲ್ಲ’ ಎಂಬ ಸಾಲನ್ನು ‘ಹೃದಯಾಘಾತ ಆಗಿಲ್ಲ’ ಎಂದು ಓದುವ ವಕೀಲರನ್ನು ತುಂಬ ನೋಡಿದ್ದೇನೆ. ಎರಡೂ ಒಂದೇ ಅಲ್ಲ.

ಹಳೆಯ ಗಾಯದ ಕಲೆ ಸ್ನಾಯುವಿನಲ್ಲಿ ಇದ್ದರೆ ಅದೂ ಮುಖ್ಯ. ಹಿಂದೆ ಎಂದೋ ಆದ ಆಘಾತ ಬಿಟ್ಟುಹೋದ ಆ ಕಲೆಯೇ ಬಡಿತ ಕೆಡಲು ಸಾಕಾಗಬಹುದು.

ರಕ್ತದ ಹೆಪ್ಪಿನ ವಿಷಯವೂ ಇದೆ. ಸತ್ತ ಮೇಲೂ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹೊಳೆಯುತ್ತದೆ, ಮೆತ್ತಗಿರುತ್ತದೆ, ನಾಳದಿಂದ ಸುಲಭವಾಗಿ ಜಾರಿ ಬರುತ್ತದೆ. ಬದುಕಿದ್ದಾಗ ಕಟ್ಟಿದ ಹೆಪ್ಪು ಮಂಕು, ಒಣಕಲು, ಮುರಿದರೆ ಪುಡಿಯಾಗುತ್ತದೆ. ಕತ್ತರಿಸಿದರೆ ಪದರ ಪದರವಾಗಿ ಕಾಣುತ್ತದೆ. ಮೇಡಂ ಹೇಳಿದ ಮೂಳೆ ಮುರಿತದ ಉದಾಹರಣೆಯಲ್ಲಿ ಈ ವ್ಯತ್ಯಾಸ ತಪ್ಪಿದರೆ ಇಡೀ ಸರಣಿ ತಪ್ಪುತ್ತದೆ.

ಕಥೆ_ಬರೆಯುವವಳು:
ಪತ್ತೇದಾರಿ ಕಥೆ ಬರೆಯುತ್ತೇನೆ, ಸರಿಯಾಗಿ ಬರೆಯಬೇಕೆಂಬ ಆಸೆ. ನೀರಿನಲ್ಲಿ ಸಿಕ್ಕ ದೇಹದ ಶ್ವಾಸಕೋಶದಲ್ಲಿ ನೀರಿದ್ದರೆ ಮುಳುಗಿ ಸತ್ತದ್ದು, ಇಲ್ಲದಿದ್ದರೆ ಸಾಯಿಸಿ ಎಸೆದದ್ದು. ಇದು ಸರಿಯೇ?

ನ್ಯಾಯವೈದ್ಯೆ:
ಇಷ್ಟು ಸುಲಭವಾಗಿದ್ದರೆ ಚೆನ್ನಾಗಿತ್ತು. ಮುಳುಗಿ ಸತ್ತದ್ದನ್ನು ಹೇಳುವುದು ನಮ್ಮ ಕೆಲಸದಲ್ಲೇ ಕಷ್ಟದ ತೀರ್ಮಾನಗಳಲ್ಲಿ ಒಂದು. ಸತ್ತ ಮೇಲೆ ನೀರಿನಲ್ಲಿ ಬಿದ್ದ ದೇಹದೊಳಗೂ ನೀರು ನಿಧಾನವಾಗಿ ಸೇರುತ್ತದೆ. ಮೂಗು ಬಾಯಿಯಲ್ಲಿ ಸಣ್ಣ ಗುಳ್ಳೆಗಳ ಬಿಳಿ ನೊರೆ ಇದ್ದು, ಒರೆಸಿದರೂ ಮತ್ತೆ ಬರುತ್ತಿದ್ದರೆ, ಶ್ವಾಸಕೋಶ ಊದಿ ಪಕ್ಕೆಲುಬಿನ ಗುರುತು ಅದರ ಮೇಲೆ ಮೂಡಿದ್ದರೆ, ಮುಳುಗಿದ್ದಕ್ಕೆ ಬಲ ಬರುತ್ತದೆ. ಆದರೆ ಕೆಲವು ಹೃದಯದ ಕಾಯಿಲೆಗಳಲ್ಲೂ, ಕೆಲವು ಮಾದಕಗಳಿಂದ ಸತ್ತವರಲ್ಲೂ ನೊರೆ ಬರುತ್ತದೆ. ದೇಹ ಕೊಳೆಯಲು ಶುರುವಾದರೆ ಈ ಗುರುತುಗಳೆಲ್ಲ ಹೋಗಿಬಿಡುತ್ತವೆ. ನೀರಿನಲ್ಲಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯನ್ನು ಮೂಳೆಯ ಮಜ್ಜೆಯಲ್ಲಿ ಹುಡುಕುವ ಪರೀಕ್ಷೆ ಇದೆ. ಅದನ್ನು ಎಷ್ಟು ನಂಬಬೇಕೆಂಬ ಬಗ್ಗೆ ನಮ್ಮವರಲ್ಲೇ ಒಮ್ಮತ ಇಲ್ಲ.

ಮುಳುಗಿ ಸತ್ತರು ಎಂದು ಗೊತ್ತಾದರೂ ಹೇಗೆ ಮುಳುಗಿದರು ಎಂದು ದೇಹ ಹೇಳುವುದಿಲ್ಲ. ತಾವೇ ಹಾರಿದರೇ, ಜಾರಿದರೇ, ಯಾರಾದರೂ ತಳ್ಳಿದರೇ? 1915ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಜೋಸೆಫ್ ಸ್ಮಿತ್ ಎಂಬವನ ವಿಚಾರಣೆ ನಡೆಯಿತು. ಅವನನ್ನು ಮದುವೆಯಾಗಿದ್ದ ಮೂವರು ಹೆಂಗಸರು ಬೇರೆ ಬೇರೆ ಊರಲ್ಲಿ, 1912ರಿಂದ 1914ರ ನಡುವೆ, ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತಿದ್ದರು. ಒಂದೊಂದನ್ನೂ ಬೇರೆಯಾಗಿ ನೋಡಿದಾಗ ಅನುಮಾನ ಬಂದಿರಲಿಲ್ಲ. ಮೊದಲನೆಯ ಸಾವಿಗೆ ಮೂರ್ಛೆರೋಗ ಎಂದು ಬರೆದಿದ್ದರು. ಸಮಾಧಿಯಿಂದ ತೆಗೆದ ದೇಹಗಳನ್ನು ಬರ್ನಾರ್ಡ್ ಸ್ಪಿಲ್ಸ್‌ಬರಿ ಎಂಬ ವೈದ್ಯರು ಪರೀಕ್ಷಿಸಿದರು. ಹೊಡೆದಾಟದ ಗುರುತು ಸಿಗಲಿಲ್ಲ. ತನಿಖಾಧಿಕಾರಿ ಈಜು ಬಲ್ಲ ಹೆಂಗಸೊಬ್ಬರನ್ನು ತೊಟ್ಟಿಯಲ್ಲಿ ಕೂರಿಸಿ, ಕಾಲನ್ನು ತಟ್ಟನೆ ಮೇಲಕ್ಕೆಳೆದು ನೋಡಿದರು. ತಲೆ ನೀರಿನೊಳಗೆ ಹೋಗಿ ಅವರು ಕ್ಷಣದಲ್ಲೇ ಪ್ರಜ್ಞೆ ತಪ್ಪಿದರು. ಹೆಣಗಾಡಿದ ಗುರುತು ಯಾಕಿರಲಿಲ್ಲ ಎಂಬುದಕ್ಕೆ ಆಗ ಒಂದು ವಿವರಣೆ ಸಿಕ್ಕಿತು. ಕೊಲೆ ಸಾಬೀತಾದದ್ದು ದೇಹದಿಂದ ಮಾತ್ರ ಅಲ್ಲ. ಮೂರು ಸಾವು ಒಂದೇ ಥರ ಇದ್ದದ್ದರಿಂದ.

ನಿಮ್ಮ ಕಥೆಯ ವೈದ್ಯರು ಶ್ವಾಸಕೋಶ ನೋಡಿ ಒಂದೇ ಮಾತಲ್ಲಿ ತೀರ್ಪು ಕೊಡದಿರಲಿ ಎಂದು ಕೇಳಿಕೊಳ್ಳುತ್ತೇನೆ.

ಕಥೆ_ಬರೆಯುವವಳು:
ಥ್ಯಾಂಕ್ಸ್ ಮೇಡಂ. ಹಾಗಾದರೆ ಬೆಂಕಿಯಲ್ಲಿ ಸಿಕ್ಕ ದೇಹ? ಅದರಲ್ಲೂ ಇದೇ ಗೊಂದಲವೇ?

ನ್ಯಾಯವೈದ್ಯೆ:
ಅಲ್ಲಿ ನಮಗೆ ಸ್ವಲ್ಪ ಗಟ್ಟಿ ಆಧಾರ ಇದೆ. ಉಸಿರಾಡುತ್ತಿದ್ದವರು ಹೊಗೆಯನ್ನು ಒಳಗೆ ಎಳೆದುಕೊಂಡಿರುತ್ತಾರೆ. ಗಂಟಲಿಗಿಂತ ಕೆಳಗೆ, ಶ್ವಾಸನಾಳದ ಒಳಗೋಡೆಯಲ್ಲಿ ಮಸಿ ಸಿಗುತ್ತದೆ. ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಕಾರ್ಬಾಕ್ಸಿಹಿಮೋಗ್ಲೋಬಿನ್ ಆಗಿರುತ್ತದೆ. ಅದು 50% ದಾಟಿದ್ದರೆ ಅಷ್ಟೇ ಸಾವಿಗೆ ಸಾಕು. ವಯಸ್ಸಾದವರಲ್ಲಿ, ಹೃದಯದ ಕಾಯಿಲೆ ಇದ್ದವರಲ್ಲಿ ಅದಕ್ಕಿಂತ ತುಂಬ ಕಡಿಮೆ ಪ್ರಮಾಣವೂ ಸಾಯಿಸಬಹುದು. ಆದರೆ ಸ್ಫೋಟದ ಥರ ಒಮ್ಮೆಗೇ ಹತ್ತಿಕೊಂಡ ಬೆಂಕಿಯಲ್ಲಿ ಬದುಕಿದ್ದವರಲ್ಲೂ ಇದು ಕಡಿಮೆ ಇರಬಹುದು. ಆದ್ದರಿಂದ ಮಸಿ ಇಲ್ಲ ಎಂದಾಕ್ಷಣ ಮೊದಲೇ ಸತ್ತಿದ್ದರು ಎಂದು ಹೇಳುವ ಹಾಗಿಲ್ಲ.

ಎಲ್ಲರನ್ನೂ ದಾರಿ ತಪ್ಪಿಸುವ ಎರಡು ಸಂಗತಿ ಇವೆ. ಸುಟ್ಟ ದೇಹ ಕೈ ಮಡಚಿ, ಮುಷ್ಟಿ ಹಿಡಿದು, ಹೊಡೆದಾಟಕ್ಕೆ ನಿಂತವರ ಥರ ಕಾಣುತ್ತದೆ. ಶಾಖಕ್ಕೆ ಸ್ನಾಯು ಕುಗ್ಗಿದಾಗ ಹಾಗಾಗುತ್ತದೆ. ಸತ್ತ ಮೇಲೆ ಸುಟ್ಟರೂ ಹಾಗೇ. ಇನ್ನೊಂದು, ತಲೆಬುರುಡೆ ಮತ್ತು ಮಿದುಳಿನ ಹೊದಿಕೆಯ ನಡುವೆ ಶಾಖದಿಂದಲೇ ರಕ್ತ ಸೇರಿಕೊಂಡು, ತಲೆಗೆ ಹೊಡೆದು ಆದ ರಕ್ತಸ್ರಾವದಂತೆ ಕಾಣುತ್ತದೆ. ಚರ್ಮವೂ ಶಾಖಕ್ಕೆ ಬಿರಿದು ಕತ್ತಿಯ ಗಾಯದಂತೆ ತೋರುತ್ತದೆ. ಇವು ಗೊತ್ತಿಲ್ಲದವರ ಕೈಗೆ ಸಿಕ್ಕರೆ ಒಂದು ಅಪಘಾತ ಕೊಲೆಯಾಗಿಬಿಡುತ್ತದೆ.

ಸುಮ್ನೆ_ಓದುವವ:
ಸತ್ತ ಸಮಯ ಹೇಳುತ್ತಾರಲ್ಲ, ರಾತ್ರಿ 10ರಿಂದ 11ರ ನಡುವೆ ಅಂತ?

ನ್ಯಾಯವೈದ್ಯೆ:
ಅಷ್ಟು ಕಿರಿದಾದ ಅಂತರ ದೇಹದಿಂದ ಬರುವುದಿಲ್ಲ. ಎಲ್ಲ ಅನುಕೂಲವಾಗಿದ್ದಾಗ ದೇಹದ ಉಷ್ಣಾಂಶದ ಲೆಕ್ಕವೂ 2.8 ಗಂಟೆ ಆಚೆ ಈಚೆ ಹೋಗುತ್ತದೆ. ದೇಹ ಸೆಟೆಯುವುದು, ರಕ್ತ ಕೆಳಭಾಗಕ್ಕೆ ಇಳಿದು ಕಲೆಯಾಗುವುದು ಇನ್ನೂ ಸಡಿಲ. ಅದು ಬೇರೆಯೇ ವಿಷಯ, ಇಲ್ಲಿ ಬೇಡ.

ನಿವೃತ್ತ_ತನಿಖೆ:
ತನಿಖೆ ಮಾಡುತ್ತಿದ್ದವನು ನಾನು. ನಮಗೆ ಯಾವಾಗಲೂ ತಲೆನೋವು ತಂದದ್ದು ಒಂದೇ ಪ್ರಶ್ನೆ: ಬಿದ್ದು ಸತ್ತದ್ದೋ, ಹೊಡೆದು ಸಾಯಿಸಿದ್ದೋ? ತಲೆಗಾಯ ಎರಡರಲ್ಲೂ ಇರುತ್ತದೆ. ಮೇಡಂ ಇದರ ಬಗ್ಗೆ ಬರೆಯಬೇಕು.

ನ್ಯಾಯವೈದ್ಯೆ:
ಸರ್, ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಯಾಕೆಂದರೆ ಇಲ್ಲಿ ಮಿದುಳು ನಿಜವಾಗಿಯೂ ಒಂದು ಉತ್ತರ ಕೊಡುತ್ತದೆ.

ನಿಂತ ತಲೆಗೆ ಏನಾದರೂ ಬಂದು ಬಡಿದರೆ ಮಿದುಳು ಜಜ್ಜುವುದು ಹೆಚ್ಚಾಗಿ ಪೆಟ್ಟು ಬಿದ್ದ ಜಾಗದ ಕೆಳಗೇ. ಚಲಿಸುತ್ತಿರುವ ತಲೆ ನೆಲಕ್ಕೆ ಬಡಿದು ಥಟ್ಟನೆ ನಿಂತರೆ ಮಿದುಳು ಜಜ್ಜುವುದು ಎದುರು ಬದಿಯಲ್ಲಿ. ಹಿಂದಕ್ಕೆ ಬಿದ್ದವರ ನೆತ್ತಿಯ ಹಿಂದೆ ಚರ್ಮ ಒಡೆದಿರುತ್ತದೆ, ಆದರೆ ಮಿದುಳಿನ ಹಣೆಯ ಭಾಗ ಮತ್ತು ಕಪಾಲದ ಪಕ್ಕದ ಭಾಗದ ತುದಿಗಳು ಜಜ್ಜಿಹೋಗಿರುತ್ತವೆ. ಇದು ಕಂಡರೆ ಬಿದ್ದದ್ದಕ್ಕೆ ಒಳ್ಳೆಯ ಆಧಾರ. ಪೆಟ್ಟಿನ ಕೆಳಗೇ ಜಜ್ಜಿದ್ದು, ಎದುರು ಬದಿ ಚೆನ್ನಾಗಿದ್ದರೆ ಹೊಡೆದದ್ದರ ಕಡೆ ವಾಲುತ್ತೇನೆ.

ಆದರೆ ಇಲ್ಲಿಗೆ ನಿಲ್ಲಬಾರದು. ಬಿದ್ದರು ಎಂದರೆ ತಾವಾಗಿ ಬಿದ್ದರು ಎಂದಲ್ಲ. ತಳ್ಳಿದರೂ ಬೀಳುತ್ತಾರೆ, ಮುಖಕ್ಕೆ ಗುದ್ದಿದರೂ ಬೀಳುತ್ತಾರೆ. ಆಗ ತುಟಿಯ ಒಳಭಾಗವನ್ನು ನೋಡಬೇಕು, ಹಲ್ಲು ತಾಗಿ ಹರಿದಿದೆಯೇ ಎಂದು. ಕೈಯ ಹಿಂಭಾಗ, ಮುಂಗೈ ನೋಡಬೇಕು, ತಡೆದುಕೊಂಡ ಗಾಯಗಳಿವೆಯೇ ಎಂದು. ಬೆನ್ನಿನ ಚರ್ಮ ಕೊಯ್ದು ಒಳಗೆ ನೋಡಬೇಕು, ಹೊರಗೆ ಕಾಣದ ಏಟುಗಳು ಆಳದಲ್ಲಿರುತ್ತವೆ. ಗಾಯ ಹರಿದದ್ದೋ ಕತ್ತರಿಸಿದ್ದೋ ಎನ್ನುವುದಕ್ಕೆ ಅದರ ಅಂಚುಗಳನ್ನು ಬಿಡಿಸಿ ನೋಡಬೇಕು. ಮೊಂಡು ವಸ್ತುವಿನಿಂದ ಹರಿದ ಗಾಯದ ಆಳದಲ್ಲಿ ಎರಡು ಅಂಚನ್ನು ಸೇರಿಸುವ ಎಳೆಗಳು ಉಳಿದಿರುತ್ತವೆ. ಹರಿತವಾದ ಅಲಗು ಅವನ್ನು ಉಳಿಸುವುದಿಲ್ಲ.

ಕಣ್ಣಿನ ಸುತ್ತ ಕಪ್ಪಾಗಿದ್ದರೆ ಗುದ್ದಿದ್ದಾರೆ ಎಂದು ಸಂಬಂಧಿಕರು ಹೇಳುತ್ತಾರೆ. ಅದು ಸಹಜವಾದ ಅನುಮಾನ. ಆದರೆ ತಲೆಬುರುಡೆಯ ತಳದ ಮುಂಭಾಗ ಮುರಿದರೂ ರಕ್ತ ಇಳಿದು ಎರಡೂ ಕಣ್ಣಿನ ಸುತ್ತ ಕಪ್ಪಾಗುತ್ತದೆ. ಮುಖಕ್ಕೆ ಯಾರೂ ಕೈ ಹಚ್ಚಿರಬೇಕಾಗಿಲ್ಲ.

ಲ್ಯಾಬ್_ಹಳಬ:
ಇಲ್ಲಿಯವರೆಗೆ ವಿಷದ ಮಾತು ಬಂದಿಲ್ಲ. ನನ್ನ ಕಡೆಯಿಂದ ಸ್ವಲ್ಪ. ನಮ್ಮ ವರದಿಯಲ್ಲಿ ಬರುವ ಸಂಖ್ಯೆಯನ್ನು ಪುಸ್ತಕದ ಪಟ್ಟಿಯ ಜೊತೆ ಹೋಲಿಸಿ ‘ಮಾರಕ ಪ್ರಮಾಣ’ ಎಂದು ಬರೆಯುವವರು ಇದ್ದಾರೆ. ಅದು ಅಪಾಯ.

ಬದುಕಿದ್ದಾಗ ರಕ್ತದಲ್ಲಿದ್ದ ಔಷಧದ ಪ್ರಮಾಣ ಸತ್ತ ಮೇಲೆ ಹಾಗೆಯೇ ಇರುವುದಿಲ್ಲ. ಯಕೃತ್ತು, ಶ್ವಾಸಕೋಶ, ಹೃದಯದ ಸ್ನಾಯುವಿನಲ್ಲಿ ಸೇರಿಕೊಂಡಿದ್ದ ಔಷಧ ಅಕ್ಕಪಕ್ಕದ ರಕ್ತಕ್ಕೆ ಸೋರುತ್ತದೆ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಹೃದಯಕ್ಕೆ ಕೊಡುವ ಡಿಜಾಕ್ಸಿನ್ ಇವುಗಳಲ್ಲಿ ಇದು ಜಾಸ್ತಿ. ಡಾಕ್ಟರು ಬರೆದಷ್ಟೇ ಮಾತ್ರೆ ನುಂಗಿದವರ ಹೃದಯದ ರಕ್ತದಲ್ಲಿ ಅತಿಯಾದ ಸಂಖ್ಯೆ ಬರಬಹುದು. ಅದಕ್ಕೇ ತೊಡೆಸಂದಿನ ರಕ್ತನಾಳದಿಂದ ರಕ್ತ ತೆಗೆಯಿರಿ ಎಂದು ನಾವು ಕೇಳುವುದು. ಅದು ಆ ಅಂಗಗಳಿಂದ ದೂರ ಇದೆ. ಸೀಸೆಯ ಮೇಲೆ ಎಲ್ಲಿಂದ ತೆಗೆದದ್ದು ಎಂದು ಬರೆದಿರದಿದ್ದರೆ ನನ್ನ ಸಂಖ್ಯೆಗೆ ಅರ್ಧ ಬೆಲೆ ಹೋಯಿತು.

ಮದ್ಯದಲ್ಲಿ ಇನ್ನೊಂದು ತೊಡಕು. ಕೊಳೆಯುವ ದೇಹದಲ್ಲಿ ಸೂಕ್ಷ್ಮಾಣುಗಳು ತಾವೇ ಆಲ್ಕೋಹಾಲ್ ಮಾಡುತ್ತವೆ. ಒಂದು ತೊಟ್ಟೂ ಕುಡಿಯದವರ ರಕ್ತದಲ್ಲಿ ಆಲ್ಕೋಹಾಲ್ ಸಿಗುವುದು ಹೀಗೆ. ಕಣ್ಣುಗುಡ್ಡೆಯೊಳಗಿನ ಲೋಳೆಯಂಥ ದ್ರವ ಸೂಕ್ಷ್ಮಾಣುಗಳಿಂದ ಸಾಕಷ್ಟು ಹೊತ್ತು ದೂರ ಇರುತ್ತದೆ. ರಕ್ತದಲ್ಲಿ ಇದ್ದು ಅಲ್ಲಿ ಇಲ್ಲದಿದ್ದರೆ ಕುಡಿದದ್ದಲ್ಲ ಎಂದು ಯೋಚಿಸಬೇಕು. ಅದೇ ದ್ರವದಲ್ಲಿ ಸಕ್ಕರೆ ವಿಪರೀತ ಇದ್ದು, ಜೊತೆಗೆ ದೇಹ ಕೊಬ್ಬನ್ನು ಉರಿಸಿದಾಗ ಹುಟ್ಟುವ ಕೀಟೋನ್‌ಗಳೂ ಇದ್ದರೆ ಯಾರಿಗೂ ಗೊತ್ತಿರದ ಸಕ್ಕರೆ ಕಾಯಿಲೆ ಬೆಳಕಿಗೆ ಬರುತ್ತದೆ. ಅಂಗಗಳಲ್ಲಿ ಕಣ್ಣಿಗೆ ಏನೂ ಕಾಣದ ಒಂದು ಸಾವು ಹೀಗೆ ಬಿಡಿಸಿಕೊಳ್ಳುತ್ತದೆ.

ಅಭ್ಯಾಸದ ವಿಷಯವನ್ನೂ ಮರೆಯಬಾರದು. ವರ್ಷಗಟ್ಟಲೆ ನೋವಿಗೆ ಮಾರ್ಫಿನ್ ತೆಗೆದುಕೊಂಡವರು ತಡೆದುಕೊಳ್ಳುವ ಪ್ರಮಾಣ ಮೊದಲ ಸಲ ತೆಗೆದುಕೊಂಡವರ ಜೀವ ತೆಗೆಯುತ್ತದೆ. ಸಂಖ್ಯೆ ಒಂದೇ, ಅರ್ಥ ಬೇರೆ. ಆ ಮನುಷ್ಯರ ಚಿಕಿತ್ಸೆಯ ಕಡತ ಓದದೆ ನನ್ನ ವರದಿಯನ್ನು ಓದಬೇಡಿ.

ನಿವೃತ್ತ_ತನಿಖೆ:
ಇಲ್ಲಿ ನನ್ನದೊಂದು ತಕರಾರು ಇದೆ. ಎಲ್ಲರೂ ‘ಹಿನ್ನೆಲೆ ಗೊತ್ತಿರಬೇಕು’ ಎನ್ನುತ್ತೀರಿ. ಹಿನ್ನೆಲೆ ಹೇಳುವವರು ಯಾರು? ನಮ್ಮಂಥವರು. ಸ್ಥಳಕ್ಕೆ ಹೋದಾಗ ನಮ್ಮ ತಲೆಯಲ್ಲಿ ಆಗಲೇ ಒಂದು ಕಥೆ ಕೂತಿರುತ್ತದೆ. ಅದನ್ನು ಡಾಕ್ಟರಿಗೆ ಹೇಳಿಬಿಟ್ಟರೆ ಅವರಿಗೂ ದೇಹದಲ್ಲಿ ಅದೇ ಕಾಣಲು ಶುರುವಾಗುತ್ತದೆ. ಡಾಕ್ಟರಿಗೆ ಏನೂ ಹೇಳಬಾರದು ಎನ್ನುವುದು ನನ್ನ ಅಭಿಪ್ರಾಯ.

ಸ್ಲೈಡ್_ನೋಡುವವಳು:
ಸರ್ ಹೇಳುವ ಭಯ ಸುಳ್ಳಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 133 ನ್ಯಾಯವೈದ್ಯರಿಗೆ ಒಂದು ಮಗುವಿನ ಸಾವಿನ ಒಂದೇ ಬಗೆಯ ವೈದ್ಯಕೀಯ ವಿವರ ಕೊಟ್ಟಿದ್ದರು. ಬದಲಿದ್ದದ್ದು ವೈದ್ಯಕೀಯವಲ್ಲದ ವಿವರ: ಮಗುವಿನ ಬಣ್ಣ, ಮತ್ತು ಅದನ್ನು ನೋಡಿಕೊಳ್ಳುತ್ತಿದ್ದವರು ಅಜ್ಜಿಯೋ, ತಾಯಿಯ ಗೆಳೆಯನೋ ಎಂಬುದು. ಗೆಳೆಯ ಎಂದಿದ್ದ ಕಡೆ ‘ಕೊಲೆ’ ಎಂದವರು ಜಾಸ್ತಿ, ಅಜ್ಜಿ ಎಂದಿದ್ದ ಕಡೆ ‘ಅಪಘಾತ’ ಎಂದವರು ಜಾಸ್ತಿ. ಈ ಅಧ್ಯಯನವನ್ನು ತುಂಬ ವೈದ್ಯರು ಕಟುವಾಗಿ ವಿರೋಧಿಸಿದರು. ನನಗೆ ಮಾತ್ರ ಅದನ್ನು ತಳ್ಳಿಹಾಕಲು ಮನಸ್ಸು ಬಂದಿಲ್ಲ.

ನ್ಯಾಯವೈದ್ಯೆ:
ಏನೂ ಹೇಳಬಾರದು ಎನ್ನುವುದನ್ನು ಒಪ್ಪಲಾರೆ ಸರ್. ವಿದ್ಯುತ್ ಸಾವನ್ನೇ ನೋಡಿ, ಸ್ಥಳದ ವಿವರ ಇಲ್ಲದೆ ಅದನ್ನು ಹೇಳುವುದು ಹೇಗೆ? ಜೇನು ಕಚ್ಚಿ ಅಲರ್ಜಿಯಿಂದ ಸತ್ತಿರಬಹುದು ಎಂದು ಯಾರೂ ಹೇಳದಿದ್ದರೆ ಅಲರ್ಜಿಯಲ್ಲಿ ರಕ್ತದಲ್ಲಿ ಏರುವ ಟ್ರಿಪ್ಟೇಸ್ ಎಂಬ ವಸ್ತುವಿನ ಪರೀಕ್ಷೆಗೆ ರಕ್ತ ತೆಗೆದಿಡಲು ತೋಚುವುದೇ ಇಲ್ಲ. ಕುತ್ತಿಗೆಯ ಮೇಲೆ ಅನುಮಾನ ಇದ್ದರೆ ಮೊದಲು ಮಿದುಳು ಮತ್ತು ಎದೆಯ ಅಂಗಗಳನ್ನು ತೆಗೆದು, ರಕ್ತ ಬಸಿದುಹೋಗಲು ಬಿಟ್ಟು, ಆಮೇಲೆ ಕುತ್ತಿಗೆಯನ್ನು ಪದರ ಪದರವಾಗಿ ಬಿಡಿಸಬೇಕು. ಆ ಕ್ರಮ ತಪ್ಪಿದರೆ ನಮ್ಮ ಕತ್ತರಿಯಿಂದಲೇ ರಕ್ತ ಸೋರಿ ಸ್ನಾಯುವಿನಲ್ಲಿ ಸೇರುತ್ತದೆ. ಅದು ಕುತ್ತಿಗೆ ಹಿಸುಕಿದ ಗುರುತಿನಂತೆಯೇ ಕಾಣುತ್ತದೆ.

ಆದರೆ ನಿಮ್ಮ ಎಚ್ಚರಿಕೆಯನ್ನು ಪೂರ್ತಿ ಒಪ್ಪುತ್ತೇನೆ. ದಾರಿ ಎಂದರೆ ಕ್ರಮ ಇಟ್ಟುಕೊಳ್ಳುವುದು. ಏನನ್ನು ಪರೀಕ್ಷಿಸಬೇಕು ಎಂದು ತಿಳಿಯುವಷ್ಟು ಮಾಹಿತಿ ಮೊದಲು. ನಂತರ ಕಂಡದ್ದನ್ನೆಲ್ಲ ಬರೆದು, ಫೋಟೋ ತೆಗೆದು ಮುಗಿಸುವುದು. ಯಾರು ಏನು ಒಪ್ಪಿಕೊಂಡರು, ಯಾರ ಮೇಲೆ ಅನುಮಾನ ಎಂಬುದೆಲ್ಲ ಅದಾದ ಮೇಲೆ. ಹೊಸ ಮಾಹಿತಿಯಿಂದ ಅಭಿಪ್ರಾಯ ಬದಲಾದರೆ ಯಾವುದರಿಂದ ಬದಲಾಯಿತು ಎಂದು ಬರೆಯಬೇಕು. ಆಗ ಇನ್ನೊಬ್ಬ ವೈದ್ಯರು ಅದೇ ಫೋಟೋ, ಅದೇ ಸ್ಲೈಡ್ ನೋಡಿ ಒಪ್ಪಬಹುದು ಅಥವಾ ಬಿಡಬಹುದು.

ಇದು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಕೆನಡಾದ ಆಂಟಾರಿಯೊದಲ್ಲಿ ನಡೆದದ್ದನ್ನು ಓದಬೇಕು. ಚಾರ್ಲ್ಸ್ ಸ್ಮಿತ್ ಎಂಬ ಮಕ್ಕಳ ಪ್ಯಾಥಾಲಜಿಸ್ಟ್ ವರ್ಷಗಟ್ಟಲೆ ಮಕ್ಕಳ ಸಾವಿನ ಬಗ್ಗೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದರು. ಅವರಿಗೆ ನ್ಯಾಯವೈದ್ಯದಲ್ಲಿ ತರಬೇತಿ ಇರಲಿಲ್ಲ. ಅವರ 45 ಪ್ರಕರಣಗಳನ್ನು ಬೇರೆ ತಜ್ಞರು ಮತ್ತೆ ನೋಡಿದಾಗ 20ರಲ್ಲಿ ಅಭಿಪ್ರಾಯವೇ ಪ್ರಶ್ನಾರ್ಹವಾಗಿತ್ತು. ಇದರ ಬಗ್ಗೆ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಗೌಜ್ ಅವರ ವರದಿ 2008ರಲ್ಲಿ ಬಂತು. ಆ ಪ್ರಕರಣಗಳಲ್ಲಿ ಒಂದರಲ್ಲಿ ವಿಲಿಯಂ ಮಲಿನ್ಸ್-ಜಾನ್ಸನ್ ಎಂಬವರು ಸಹೋದರನ ಮಗಳನ್ನು ಕೊಂದ ಆರೋಪದಲ್ಲಿ 1994ರಲ್ಲಿ ಶಿಕ್ಷೆಯಾಗಿ 12 ವರ್ಷ ಜೈಲಿನಲ್ಲಿದ್ದರು. 2007ರಲ್ಲಿ ಖುಲಾಸೆಯಾದರು. ಸತ್ತ ಮೇಲೆ ದೇಹದಲ್ಲಿ ತಾನಾಗಿಯೇ ಆಗುವ ಬದಲಾವಣೆಗಳನ್ನು ಆ ಪ್ರಕರಣದಲ್ಲಿ ಗಾಯ ಎಂದು ಓದಿದ್ದರು. ಈ ಮನುಷ್ಯನ 12 ವರ್ಷ ನನಗೆ ಪ್ರತಿ ರಿಪೋರ್ಟ್ ಬರೆಯುವಾಗಲೂ ನೆನಪಿರುತ್ತದೆ.

ನಿವೃತ್ತ_ತನಿಖೆ:
ಕ್ರಮದ ಮಾತು ಒಪ್ಪಿದೆ ಮೇಡಂ. ನಮ್ಮ ಕಾಲದಲ್ಲಿ ಹೀಗೆ ಯಾರೂ ಹೇಳಿರಲಿಲ್ಲ.

ವಾರ್ಡ್_ನರ್ಸ್:
ನನ್ನ ಪ್ರಶ್ನೆ ಬೇರೆ. ಪರಿಚಯದವರ ಮಗ, ಇನ್ನೂ ಓದುತ್ತಿದ್ದ ಹುಡುಗ, ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಪೋಸ್ಟ್‌ಮಾರ್ಟಮ್‌ನಲ್ಲಿ ಏನೂ ಸಿಗಲಿಲ್ಲ, ವಿಷದ ಪರೀಕ್ಷೆಯಲ್ಲೂ ಏನಿಲ್ಲ. ‘ಕಾರಣ ನಿರ್ಧರಿಸಲಾಗಿಲ್ಲ’ ಎಂದು ಬಂದಿದೆ. ತಾಯಿ ಆ ಕಾಗದ ಹಿಡಿದುಕೊಂಡು ಡಾಕ್ಟರು ಸರಿಯಾಗಿ ನೋಡಿಲ್ಲ ಎನ್ನುತ್ತಿದ್ದಾರೆ. ಅವರಿಗೆ ನಾನು ಏನು ಹೇಳಲಿ ಅಕ್ಕ?

ನ್ಯಾಯವೈದ್ಯೆ:
ಆ ತಾಯಿಯ ಸಂಕಟ ಅರ್ಥವಾಗುತ್ತದೆ ತಂಗಿ. ಅವರಿಗೆ ಮೊದಲು ಹೇಳಬೇಕಾದದ್ದು, ಏನೂ ಸಿಗದಿರುವುದು ಅಸಡ್ಡೆಯ ಗುರುತಲ್ಲ ಎಂದು. ಹೃದಯದ ಆಕಾರ, ರಕ್ತನಾಳ, ಸ್ನಾಯು ಎಲ್ಲ ಸರಿಯಿದ್ದು, ಜೀವಕೋಶಗಳ ಒಳಗೂ ಹೊರಗೂ ಸೋಡಿಯಂ, ಪೊಟ್ಯಾಸಿಯಂ ಹರಿಯುವ ದಾರಿಗಳಲ್ಲಿ ಹುಟ್ಟಿನಿಂದಲೇ ದೋಷ ಇರುವ ಕಾಯಿಲೆಗಳಿವೆ. ಲಾಂಗ್ ಕ್ಯೂಟಿ, ಬ್ರುಗಾಡಾ ಎಂದು ಹೆಸರು. ಬಡಿತ ಒಮ್ಮೆಲೇ ಕೆಡುತ್ತದೆ. ಬ್ರುಗಾಡಾದಲ್ಲಿ ನಿದ್ದೆಯಲ್ಲೇ ಸಾವು ಬರುವುದು ಹೆಚ್ಚು. ಕತ್ತರಿಗೂ ಸೂಕ್ಷ್ಮದರ್ಶಕಕ್ಕೂ ಅದು ಸಿಗುವುದಿಲ್ಲ. ಬದುಕಿದ್ದಾಗ ಇಸಿಜಿಯಲ್ಲಿ ಸಿಗಬಹುದು. ಸತ್ತ ಮೇಲೆ ಡಿಎನ್‌ಎ ಪರೀಕ್ಷೆಯಲ್ಲಿ ಕೆಲವರಲ್ಲಿ ಮಾತ್ರ ಸಿಗುತ್ತದೆ.

ಈಗ ತುರ್ತಾದ ವಿಷಯ. ಆ ಹುಡುಗನಿಗೆ ಅಣ್ಣ ತಮ್ಮ ಅಕ್ಕ ತಂಗಿ ಇದ್ದರೆ ಅವರೂ, ತಂದೆ ತಾಯಿಯೂ ಹೃದಯ ತಜ್ಞರ ಹತ್ತಿರ ಹೋಗಿ ಇಸಿಜಿ ಮಾಡಿಸಬೇಕು. ಈ ರಿಪೋರ್ಟ್‌ನ ಪ್ರತಿಯನ್ನು ತೋರಿಸಬೇಕು. ಇಂಥ ದೋಷ ಮನೆಯಲ್ಲಿ ಇನ್ನೊಬ್ಬರಿಗೂ ಇರಬಹುದು, ಮತ್ತು ಗೊತ್ತಾದರೆ ಚಿಕಿತ್ಸೆ ಇದೆ. ಹಿಂದೆ ಯಾರಾದರೂ ಓಡುವಾಗ, ಈಜುವಾಗ, ಜೋರು ಶಬ್ದಕ್ಕೆ ಪ್ರಜ್ಞೆ ತಪ್ಪಿ ಬಿದ್ದಿದ್ದರೇ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹೀಗೆ ಹೋದವರು ಇದ್ದಾರೆಯೇ ಎಂದು ಕೇಳಿ ಬರೆದುಕೊಳ್ಳಿ.

ಪರೀಕ್ಷೆ ಮಾಡಿದ ಡಾಕ್ಟರನ್ನು ಒಂದು ಮಾತು ಕೇಳಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ರಕ್ತ ಅಥವಾ ಫ್ರೀಜರಿನಲ್ಲಿಟ್ಟ ಗುಲ್ಮದ (ಸ್ಪ್ಲೀನ್) ತುಂಡು ಉಳಿಸಿದ್ದಾರೆಯೇ ಎಂದು. ಡಿಎನ್‌ಎಗೆ ಅದು ಬೇಕು. ಫಾರ್ಮಲಿನ್‌ನಲ್ಲಿಟ್ಟ ಅಂಗದಲ್ಲಿ ಡಿಎನ್‌ಎ ಹಾಳಾಗಿರುತ್ತದೆ.

ವಾರ್ಡ್_ನರ್ಸ್:
ಒಬ್ಬಳು ತಂಗಿ ಇದ್ದಾಳೆ. ಸ್ಕೂಲಿನಲ್ಲಿ ಒಮ್ಮೆ ಓಡುವಾಗ ಬಿದ್ದಿದ್ದಳು, ಊಟ ಮಾಡಿಲ್ಲ ಅಂತ ಸುಮ್ಮನಾಗಿದ್ದರು. ಇವತ್ತೇ ಅವರ ಮನೆಗೆ ಹೋಗುತ್ತೇನೆ.

ನ್ಯಾಯವೈದ್ಯೆ:
ಹೋಗಿ. ಇದನ್ನು ಹೃದಯ ತಜ್ಞರಿಗೆ ತಪ್ಪದೆ ಹೇಳಿ. ಇಸಿಜಿ ಒಮ್ಮೆ ಸರಿ ಬಂದರೂ ಅಲ್ಲಿಗೆ ಬಿಡಬೇಡಿ. ಓಡಿಸಿ ಮಾಡುವ ಪರೀಕ್ಷೆಯ ಬಗ್ಗೆ ಕೇಳಿ. ಅದು ಆಗುವವರೆಗೆ ಓಟ, ಈಜು ಬೇಡ.

ಹೊಸ_ವಕೀಲ:
ಎಲ್ಲರಿಗೂ ಧನ್ಯವಾದ. ನನ್ನ 80% ಪ್ರಕರಣಕ್ಕೆ ಬರುತ್ತೇನೆ. ಕೊನೆಯ ಅಭಿಪ್ರಾಯ ಬಂದಾಗ ನಾನು ಏನೇನು ನೋಡಬೇಕು?

ನ್ಯಾಯವೈದ್ಯೆ:
ರಕ್ತವನ್ನು ಎಲ್ಲಿಂದ ತೆಗೆದರು, ಯಾವ ಯಾವ ವಸ್ತುಗಳಿಗೆ ಪರೀಕ್ಷೆ ಮಾಡಿದರು ಎಂದು ನೋಡಿ. ‘ವಿಷ ಕಂಡುಬಂದಿಲ್ಲ’ ಎಂದರೆ ಹುಡುಕಿದ ವಿಷಗಳು ಕಂಡುಬಂದಿಲ್ಲ ಎಂದಷ್ಟೇ. ಹೃದಯದ ಸ್ಲೈಡ್ ಮಾಡಿದ್ದಾರೆಯೇ, ಎಷ್ಟು ಜಾಗದಿಂದ ತುಂಡು ತೆಗೆದಿದ್ದಾರೆ ನೋಡಿ. ತಲೆ ತೆರೆದಿದ್ದಾರೆಯೇ, ಕುತ್ತಿಗೆ ಬಿಡಿಸಿದ್ದಾರೆಯೇ ನೋಡಿ. ಎದೆಯಲ್ಲಿ ಕಾಯಿಲೆ ಸಿಕ್ಕ ತಕ್ಷಣ ಉಳಿದದ್ದನ್ನು ಬಿಟ್ಟುಬಿಡುವುದು ನಡೆಯುತ್ತದೆ. ಇಷ್ಟೂ ಆಗಿ, ಬೇರೆ ಏನೂ ಸಿಗದೆ, ಸ್ಥಳದಲ್ಲೂ ಅನುಮಾನ ಇಲ್ಲದಿದ್ದರೆ ‘ಹೃದಯದ ರಕ್ತನಾಳದ ಕಾಯಿಲೆ’ ಎಂಬ ಅಭಿಪ್ರಾಯ ಗಟ್ಟಿಯಾಗಿ ನಿಲ್ಲುತ್ತದೆ. ಇವುಗಳಲ್ಲಿ ಯಾವುದಾದರೂ ಬಿಟ್ಟುಹೋಗಿದ್ದರೆ ಫೋಟೋ, ಸ್ಲೈಡ್‌ಗಳನ್ನು ಇನ್ನೊಬ್ಬ ನ್ಯಾಯವೈದ್ಯರಿಗೆ ತೋರಿಸಲು ಅನುಮತಿ ಕೇಳಿ.

ಹೊಸ_ವಕೀಲ:
ಈಗಲೇ ರಿಪೋರ್ಟ್ ತೆಗೆದು ನೋಡಿದೆ ಮೇಡಂ. ತಲೆ ತೆರೆದ ವಿವರ ಇದೆ. ಕುತ್ತಿಗೆಯ ಬಗ್ಗೆ ಒಂದು ಸಾಲೂ ಇಲ್ಲ.

ನ್ಯಾಯವೈದ್ಯೆ:
ಹಾಗಾದರೆ ಮೊದಲು ಕೇಳಬೇಕಾದದ್ದು ಅದನ್ನೇ. ನೋಡಿ ಬರೆಯದೆ ಬಿಟ್ಟರೋ, ನೋಡಲೇ ಇಲ್ಲವೋ ಎಂದು ಆ ವೈದ್ಯರಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.